ಅವರ ಜೊತೆ ಓಡಿದ ಮಳೆಗಾಲ

ಹೋದ ಭಾನುವಾರ ಬೆಳಿಗ್ಗೆ ಸಿಕಂದರಾಬಾದಿನಿಂದ ಆಟೋದಲ್ಲಿ ಹೊರಟವಳು ಟ್ಯಾಂಕ್‌ಬಂಡ್ ಹತ್ತಿರ ಸಿಕ್ಕಿಬಿದ್ದೆ. ಪೊಲೀಸರು ರಸ್ತೆಗೆ ಅಡ್ಡ ಹಗ್ಗ ಹಿಡಿದಿದ್ದರು. ಅದರಾಚೆ ಯಾವುದೋ ಓಟದ ಸ್ಪರ್ಧೆಯವರು ಗುಂಪುಗುಂಪಾಗಿ ಹೋಗುತ್ತಿದ್ದರು. "ಸಂಡೇ ವಸ್ತೇ ಇದೇ ಗೋಲ ಅಮ್ಮಾ," ಭಾನುವಾರ ಬಂದರೆ ಇದೇ ರಗಳೆ ಎಂದು ಗೊಣಗಿ ಆಟೋದವನು ಇಂಜಿನ್ ಬಂದ್ ಮಾಡಿದ. ಹೊಗೆ ಚದುರಿದ ಮೇಲೆ ಆ ವಾಸನೆ ಬಂತು. ಕಾಲುನೋವಿಗೆ ಹೊಡೆದುಕೊಳ್ಳುವ ಸ್ಪ್ರೇ, ಅದರ ಜೊತೆಗೆ ಒದ್ದೆ ಡಾಂಬರು, ಬಾಳೆಹಣ್ಣಿನ ಸಿಪ್ಪೆ, ನೂರಾರು ಜನರ ಬೆವರು. ನನಗೆ ಅದು ಮೂಗಿಗಿಂತ ಮೊದಲು ಕಾಲಿಗೆ ತಿಳಿಯುತ್ತದೆ. ಬಲಗಾಲಿನ ಮೀನಖಂಡ ತಾನಾಗಿಯೇ ಬಿಗಿಯಿತು. ಸ್ವಲ್ಪ ಹೊತ್ತಿಗೆ ಹಗ್ಗ ಇಳಿಸಿದರು, ಆಟೋ ಮುಂದೆ ಹೋಯಿತು. ನಾನು ಮಾತ್ರ ದಾರಿಯುದ್ದಕ್ಕೂ ಆ ಒಂದು ಮಳೆಗಾಲದಲ್ಲೇ ಉಳಿದೆ.

ನಾವು ಇರುವುದು ಕುಷಾಯಿಗೂಡದಲ್ಲಿ. ನಮ್ಮವರ ತಂದೆ ಕಲಬುರಗಿ ಕಡೆಯವರು. ಸರ್ಕಾರಿ ನೌಕರಿಯ ಮೇಲೆ ಹೈದರಾಬಾದಿಗೆ ಬಂದು ಮೆಹದಿಪಟ್ಟಣಂನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ನಮ್ಮವರು ಬೆಳೆದದ್ದು ಆ ಮನೆಯಲ್ಲೇ. ಆಮೇಲೆ ಸಿಕಂದರಾಬಾದಿನ ಒಂದು ಕಚೇರಿಯಲ್ಲಿ ಲೆಕ್ಕದ ವಿಭಾಗಕ್ಕೆ ಸೇರಿದರು, ಮದುವೆಯಾಯಿತು, ಮಗಳು ಹುಟ್ಟಿದಳು. ನಾನು ಇಲ್ಲೇ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತೇನೆ.

ಅವರು ಓಡಲು ಶುರು ಮಾಡಿದ್ದು ನಲವತ್ತು ದಾಟಿದ ಮೇಲೆ. ಸಕ್ಕರೆ ಸ್ವಲ್ಪ ಏರಿದೆ ಎಂದು ನಾನೇ ಹೆದರಿಸಿದ್ದೆ. ಕಾಪ್ರಾ ಕೆರೆಯವರೆಗೆ ನಡೆಯಲು ಹೋದವರು ಒಂದು ವರ್ಷದಲ್ಲಿ ಸೈನಿಕಪುರಿ ದಾಟಿ ಓಡುತ್ತಿದ್ದರು. ಆಮೇಲೆ ಪ್ರತಿ ಆಗಸ್ಟಿನಲ್ಲಿ ನಡೆಯುವ ದೊಡ್ಡ ಓಟಕ್ಕೆ ಹೆಸರು ಕೊಡುವುದು ನಮ್ಮ ಮನೆಯಲ್ಲಿ ಹಬ್ಬದಷ್ಟೇ ಖಾಯಂ ಆಯಿತು. ಇಪ್ಪತ್ತೊಂದು ಕಿಲೋಮೀಟರಿನ ಹಾಫ್ ಮ್ಯಾರಥಾನ್. ಅವರೇನೂ ಮುಂದೆ ಬರುವವರಲ್ಲ, ಕೊನೆಯವರೂ ಅಲ್ಲ. ನಡುವಿನ ಗುಂಪಿನಲ್ಲಿ ಒಂದೇ ಹದದಲ್ಲಿ ಓಡುತ್ತಿದ್ದರು. ಬೂಟನ್ನು ಯಾರಿಗೂ ತೊಳೆಯಲು ಕೊಡುತ್ತಿರಲಿಲ್ಲ. ಬೆಳಿಗ್ಗೆ ಓಡಿ ಬಂದು, ಬಾಲ್ಕನಿಯ ಕಂಬಿ ಹಿಡಿದು ಕಾಲು ಎಳೆದುಕೊಳ್ಳುತ್ತಾ, ಯಾವ ಗಲ್ಲಿಯಲ್ಲಿ ಯಾವ ನಾಯಿ ಮರಿ ಹಾಕಿದೆ, ಯಾವ ಏರಿನ ಮೇಲೆ ಹೊಸ ಗುಂಡಿ ಬಿದ್ದಿದೆ ಎಂದು ಅಡುಗೆಮನೆಯಲ್ಲಿದ್ದ ನನಗೆ ಕೇಳುವಂತೆ ಹೇಳುತ್ತಿದ್ದರು. ನಾನು ಹೂಂ ಅನ್ನುತ್ತಾ ರೊಟ್ಟಿ ಬಡಿಯುತ್ತಿದ್ದೆ. ಬಸ್ಸಿಗಾಗಿ ಕೂಡ ಓಡಿದವಳಲ್ಲ ನಾನು.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಅವರು ಓಡಲು ಹೋದವರು ಬರಲಿಲ್ಲ. ಬಿಸಿಲು ಏರಿತು. ಅವರ ಜೊತೆ ಓಡುವ ಗುಂಪಿನವರಿಗೆಲ್ಲ ಫೋನ್ ಮಾಡಿದೆ, ಯಾರೂ ನೋಡಿರಲಿಲ್ಲ. ಕೊನೆಗೆ ಅಲ್ವಾಲ್ ಕಡೆಯ ಒಂದು ಚಹಾದ ಅಂಗಡಿಯವನು ಅವರ ಫೋನಿನಿಂದಲೇ ನನಗೆ ಕರೆ ಮಾಡಿದ. ಹೋಗಿ ನೋಡಿದರೆ ಬೆಂಚಿನ ಮೇಲೆ ಕೂತಿದ್ದರು. ಬೆವರು ಒಣಗಿ ಅಂಗಿಯ ಮೇಲೆ ಉಪ್ಪಿನ ಗೆರೆ ಮೂಡಿತ್ತು. ನನ್ನನ್ನು ಕಂಡು ನಕ್ಕರು.

"ಸುಮಿ, ಒಂದ್ ಮಾತ ಕೇಳ್ಲೇನು? ನಗಬ್ಯಾಡ. ಮನಿ ಯಾವ ಕಡಿಗೈತಿ?"

ನಾನು ನಗಲಿಲ್ಲ. ಆ ಹಿಂದಿನ ತಿಂಗಳುಗಳಲ್ಲಿ ಆದದ್ದೆಲ್ಲ ಒಟ್ಟಿಗೆ ನೆನಪಾಯಿತು. ಕಚೇರಿಯಲ್ಲಿ ಅವರ ಲೆಕ್ಕ ತಪ್ಪುತ್ತಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದು, ಮಗಳ ಹೆಸರು ನಾಲಿಗೆಗೆ ಬರದೆ "ಅಕಿ, ಅಕಿ" ಎಂದು ತಡವರಿಸಿದ್ದು, ಫ್ರಿಜ್ಜಿನೊಳಗೆ ಕನ್ನಡಕ ಸಿಕ್ಕಿದ್ದು. ಮರುದಿನವೇ ಅವರ ರಕ್ತ ತೆಗೆದೆ. ಥೈರಾಯ್ಡ್, ಬಿ-ಹನ್ನೆರಡು, ಸಕ್ಕರೆ, ಉಪ್ಪಿನಂಶ ಎಲ್ಲವನ್ನೂ ನಾನೇ ಯಂತ್ರಕ್ಕೆ ಹಾಕಿ ನಾನೇ ನೋಡಿದೆ. ಏನಾದರೂ ಒಂದು ಕಡಿಮೆ ಇರಲಿ, ಮಾತ್ರೆಯಿಂದ ಸರಿಹೋಗುವಂಥದ್ದು ಇರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಎಲ್ಲವೂ ಸರಿಯಾಗಿತ್ತು. ಇಪ್ಪತ್ತೈದರ ಹುಡುಗನ ರಿಪೋರ್ಟಿನಂತಿತ್ತು.

ಮೆದುಳಿನ ಚಿತ್ರ ನೋಡಿದ ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಮರೆವಿನ ಕಾಯಿಲೆ, ಕೆಲವರಿಗೆ ಹೀಗೆ ಬೇಗ ಬರುತ್ತದೆ, ವಾಸಿ ಮಾಡುವ ಔಷಧಿ ಇಲ್ಲ, ಸ್ವಲ್ಪ ನಿಧಾನವಾಗಿಸಬಹುದು. ನಾನು ಮಗಳ ಬಗ್ಗೆ, ನೌಕರಿಯ ಬಗ್ಗೆ ಏನೇನೋ ಕೇಳಿದೆ. ನಮ್ಮವರು ಕೇಳಿದ್ದು ಒಂದೇ. "ರನ್ನಿಂಗ್ ಕರ್ ಸಕ್ತಾ ಹೂಂ ನಾ, ಮೇಡಂ?"

ಓಡಬಹುದು, ಓಡಿದರೆ ಒಳ್ಳೆಯದೇ, ಆದರೆ ಒಬ್ಬರೇ ಬೇಡ ಎಂದರು ಡಾಕ್ಟರಮ್ಮ. ನಮ್ಮವರು ತೃಪ್ತಿಯಿಂದ ತಲೆಯಾಡಿಸಿ ಎದ್ದು ನಿಂತರು.

ಒಬ್ಬರೇ ಬೇಡ ಎಂಬ ಮಾತು ಹೇಳುವುದಕ್ಕೆ ಸುಲಭ. ಮೊದಲು ಗ್ರಿಲ್ಲಿಗೆ ಬೀಗ ಹಾಕಿ ನೋಡಿದೆ. ಐದು ಗಂಟೆಗೆ ಬೂಟು ಕಟ್ಟಿಕೊಂಡು ಬಾಗಿಲ ಬಳಿ ನಿಂತಿರುತ್ತಿದ್ದರು.

"ಕೀಲಿ ಕೊಡು, ಸುಮಿ."

"ಇವತ್ತ ಬ್ಯಾಡರಿ. ಮಳಿ ಬರೂ ಹಂಗೈತಿ."

"ಮಳಿ ಬಂದ್ರ ಏನಾತು? ನಾ ಏನ್ ಉಪ್ಪೇನು, ಕರಗಾಕ?"

ಎರಡು ದಿನ ಹೀಗೆ ನಡೆಯಿತು. ಮೂರನೆಯ ಬೆಳಿಗ್ಗೆ ಗ್ರಿಲ್ಲಿನ ಕಂಬಿ ಎರಡೂ ಕೈಯಿಂದ ಹಿಡಿದು ಹೊರಗೆ ನೋಡುತ್ತಾ ನಿಂತರು. ಆಮೇಲೆ ತಿರುಗಿ, "ನಾ ಏನ್ ತಪ್ಪು ಮಾಡೀನಿ, ಅದನ್ನರ ಹೇಳು," ಎಂದರು. ಚಹಾದ ಅಂಗಡಿಯೂ ಡಾಕ್ಟರಮ್ಮನೂ ಅವರಿಗೆ ನೆನಪಿರಲಿಲ್ಲ. ಕಾಯಿಲೆಯ ಮಾತು ತೆಗೆದರೆ ಪ್ರತಿ ಸಲವೂ ಮೊದಲ ಸಲ ಕೇಳಿದವರಂತೆ ಕುಸಿದು ಕೂರುತ್ತಿದ್ದರು. ಅದನ್ನು ದಿನಾ ಹೇಳುವುದು ನನ್ನಿಂದಾಗುತ್ತಿರಲಿಲ್ಲ. ಕೀಲಿ ಕೊಟ್ಟು, ಸ್ಕೂಟರ್ ತೆಗೆದು ಅವರ ಹಿಂದೆ ಹೊರಟೆ. ಅದೂ ನಡೆಯಲಿಲ್ಲ. ಬೆನ್ನ ಹಿಂದೆ ಗಾಡಿಯ ಸದ್ದು ಬಂದರೆ ಅವರಿಗೆ ಸಿಟ್ಟು. ಬೇಕೆಂದೇ ಸಣ್ಣ ಗಲ್ಲಿಗೆ, ಮೆಟ್ಟಿಲಿರುವ ಕಡೆಗೆ ತಿರುಗುತ್ತಿದ್ದರು. ಓಟದ ಗುಂಪಿನವರು ಸರದಿಯ ಮೇಲೆ ಜೊತೆ ಬಂದರು. ಆದರೆ ಅವರಿಗೂ ನೌಕರಿ, ಮನೆ, ಮಕ್ಕಳಿದ್ದವು. ಎಷ್ಟು ದಿನ ಬಂದಾರು?

ಆ ಗುಂಪಿನಲ್ಲಿ ರಜಿಯಾ ಎಂಬ ಹಲ್ಲಿನ ಡಾಕ್ಟರ್ ಇದ್ದರು. ನನಗಿಂತ ಹಿರಿಯರು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಗಾಳಿಯಂತೆ ಓಡುವವರು. ಎಲ್ಲರೂ ಅವರನ್ನು ಅಕ್ಕ ಎಂಬ ಅರ್ಥದಲ್ಲಿ ಆಪಾ ಎನ್ನುತ್ತಿದ್ದರು. ಅವರೇ ಒಂದು ದಿನ ನನ್ನ ಕಾಲಿನ ಚಪ್ಪಲಿಯನ್ನು ನೋಡಿ, "ಸುಮಿತ್ರಾ, ತುಮೀಚ್ ಕಾಯಕು ನೈ ದೌಡ್ತೇ?" ಎಂದರು. ನೀನೇ ಯಾಕೆ ಓಡಬಾರದು ಎಂದು. ನಾನು ನನ್ನ ಸೊಂಟ, ಮಂಡಿ, ವಯಸ್ಸು ಎಲ್ಲವನ್ನೂ ತೋರಿಸಿದೆ. ಅವರು, "ಫಿಕರ್ ನಕ್ಕೋ ಕರೋ," ಚಿಂತೆ ಬೇಡ ಎಂದು ಮರುದಿನ ತಾವೇ ಜೊತೆಗೆ ಬಂದು ನನಗೆ ಬೂಟು ಕೊಡಿಸಿದರು.

ಹೀಗೆ ನಲವತ್ತೇಳನೆಯ ವಯಸ್ಸಿನಲ್ಲಿ, ಮಗಳ ಹಳೆಯ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು, ದುಪಟ್ಟಾ ಇಲ್ಲದೆ ಬೀದಿಗೆ ಇಳಿದೆ. ಮೊದಲ ಬೆಳಿಗ್ಗೆ ನಮ್ಮ ಗಲ್ಲಿಯ ಕೊನೆ ಮುಟ್ಟುವಷ್ಟರಲ್ಲಿ ಎದೆ ಬಾಯಿಗೆ ಬಂತು. ನಮ್ಮವರಿಗೆ ಮಾತ್ರ ಭಾಳ ಖುಷಿ. ನನ್ನ ಮೊಣಕೈ ಹಿಡಿದು ಸರಿಮಾಡಿದರು.

"ಇವತ್ತ ಮೊದಲನೇ ದಿನ ಐತಿ. ಜಾಸ್ತಿ ಓಡಬ್ಯಾಡ. ಮಾತಾಡಕೋಂತ ಓಡಾಕ ಬರಬೇಕು. ಮಾತು ನಿಂತಿತಂದ್ರ ನೀ ಜೋರ್ ಓಡಾಕತ್ತೀ ಅಂತ ತಿಳಕೋ."

ಮರುದಿನವೂ ಅದೇ ಗಲ್ಲಿಯ ಬಾಯಲ್ಲಿ ನಿಂತು ಅದೇ ಮೊಣಕೈ ಹಿಡಿದು, "ಇವತ್ತ ಮೊದಲನೇ ದಿನ ಐತಿ," ಎಂದರು. ಅದರ ಮರುದಿನವೂ. ಮೊದಮೊದಲು, "ಅಲ್ರಿ, ನಿನ್ನೆನೂ ಓಡೀನಲ್ರಿ," ಎಂದು ತಿದ್ದುತ್ತಿದ್ದೆ. ಅವರ ಮುಖ ಸಣ್ಣದಾಗುತ್ತಿತ್ತು. ಬಿಟ್ಟುಬಿಟ್ಟೆ. ನನಗೆ ಕೆರೆಯ ಸುತ್ತು ನಿಲ್ಲದೆ ಓಡಲು ಬಂದಾಗ ಅವರಿಗೆ ಬೆರಗು. "ಏ ಸುಮಿ, ಮೊದಲನೇ ದಿನಾನ ಇಷ್ಟ್ ಓಡಿದೆಲ್ಲ! ನಿನ್ನ ಕಾಲಾಗ ಏನೋ ಐತಿ ಬಿಡು." ಲ್ಯಾಬಿಗೆ ಹೋಗಿ ಬೇರೆಯವರ ತೋಳಿಗೆ ಸೂಜಿ ಚುಚ್ಚುವಾಗ ಆ ಮಾತು ನೆನಪಾಗಿ ನಗು ಬರುತ್ತಿತ್ತು, ಜೊತೆಗೆ ಕಣ್ಣೂ ತುಂಬುತ್ತಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಕೆರೆಯ ಮೇಲಿನ ಗಾಳಿ ಒಂದು ದಿನ ತಂಪು, ಇನ್ನೊಂದು ದಿನ ಕೊಳೆತ ಅಂತರಗಂಗೆಯ ನಾತ. ರಸ್ತೆಯ ಗುಂಡಿಗಳಲ್ಲಿ ನೀರು ತುಂಬಿ ಎಲ್ಲಿ ಆಳ ಎಂದು ತಿಳಿಯುತ್ತಿರಲಿಲ್ಲ. ಅವರಿಗೆ ತಿಳಿಯುತ್ತಿತ್ತು. "ಎಡಕ್ಕ ಬಾ," ಎನ್ನುತ್ತಿದ್ದರು, ಮತ್ತು ಎಡಕ್ಕೆ ನೆಲ ಗಟ್ಟಿಯಾಗಿರುತ್ತಿತ್ತು. ಮನೆಯ ದಾರಿ ಮರೆತರೂ ಪಾದಕ್ಕೆ ಏನೋ ನೆನಪಿತ್ತು. ತೊಯ್ದು ತೊಪ್ಪೆಯಾಗಿ ಬಂದು ಇಬ್ಬರೂ ಬಾಲ್ಕನಿಯಲ್ಲಿ ಕಂಬಿ ಹಿಡಿದು ನಿಂತರೆ ಪಕ್ಕದ ಮನೆಯ ತೆಲುಗಿನವರು ಹೊಸ ಮದುವೆ ಜೋಡಿ ಎಂದು ಚೇಷ್ಟೆ ಮಾಡುತ್ತಿದ್ದರು. ಕಾಯಿಲೆ ನಿಂತಿದೆಯೇನೋ ಎಂದು ನಾನು ಅಂದುಕೊಂಡದ್ದು ಆ ದಿನಗಳಲ್ಲೇ. ನಿಂತಿರಲಿಲ್ಲ. ಮಧ್ಯಾಹ್ನಗಳಲ್ಲಿ ಅದು ಕಾಣುತ್ತಿತ್ತು. ಕಚೇರಿಯವರು ರಜೆಯ ಮೇಲೆ ಇರಿ ಎಂದಿದ್ದರು. ಹಗಲು ಅವರನ್ನು ನೋಡಿಕೊಳ್ಳಲು ನಮ್ಮ ಕೆಳಗಿನ ಮನೆಯ ಲಕ್ಷ್ಮಮ್ಮ ಬರುತ್ತಿದ್ದರು. ನಮ್ಮವರು ಟಿವಿಯ ಮುಂದೆ ಕೂತು, ಮುಗಿದ ಕ್ರಿಕೆಟ್ ಮ್ಯಾಚಿನಲ್ಲಿ ಯಾರು ಗೆಲ್ಲುತ್ತಾರೋ ಎಂದು ಕಾತರಪಡುತ್ತಾ ಸಂಜೆ ಮಾಡುತ್ತಿದ್ದರು.

ಜುಲೈಯಲ್ಲಿ ಸಿಕಂದರಾಬಾದಿನ ಕಂಟೋನ್ಮೆಂಟ್ ಕಡೆ ಒಂದು ಚಿಕ್ಕ ಓಟವಿತ್ತು. ಅದೂ ಇಪ್ಪತ್ತೊಂದು ಕಿಲೋಮೀಟರೇ. ಕಣ್ಣು ಕಾಣದವರು ಜೊತೆಗಾರರ ಕೈಗೆ ಪಟ್ಟಿ ಕಟ್ಟಿಕೊಂಡು ಓಡುತ್ತಾರೆ, ನೀವೂ ಹಾಗೆ ಮಾಡಿ ಎಂದು ಆಪಾ ಒಂದು ಬಟ್ಟೆಯ ಪಟ್ಟಿ ತಂದುಕೊಟ್ಟರು. ನಮ್ಮವರು ಅದನ್ನು ತಿರುಗಿಸಿ ನೋಡಿ ವಾಪಸ್ಸು ಕೊಟ್ಟರು. "ನಾ ಏನ್ ಎತ್ತೇನು, ಹಗ್ಗಾ ಹಾಕಾಕ?" ಎಂದರು. ನನಗೂ ಒತ್ತಾಯ ಮಾಡುವ ಮನಸ್ಸಾಗಲಿಲ್ಲ. ಅವತ್ತು ಬೇಕಾಗಲೂ ಇಲ್ಲ. ದೊಡ್ಡ ಮರಗಳ ಕೆಳಗೆ, ತುಂತುರು ಮಳೆಯಲ್ಲಿ, ಅವರು ನನ್ನ ಹೆಜ್ಜೆಗೆ ತಮ್ಮ ಹೆಜ್ಜೆ ಇಳಿಸಿಕೊಂಡು ಉದ್ದಕ್ಕೂ ಮಾತಾಡುತ್ತಾ ಓಡಿದರು. ಮೆಹದಿಪಟ್ಟಣಂನ ಮನೆಯಲ್ಲಿ ಅವ್ವ ಹಬ್ಬಕ್ಕೆ ಹೋಳಿಗೆ ಮಾಡಿ ಎದುರು ಮನೆಯ ಖಾನ್ ಸಾಹೇಬರಿಗೆ ಕಳಿಸುತ್ತಿದ್ದದ್ದು, ಈದಿಗೆ ಅವರು ಶೀರ್‌ಖುರ್ಮಾ ಕಳಿಸುತ್ತಿದ್ದದ್ದು, ಅಣ್ಣನ ಸೈಕಲ್ ಕದ್ದು ಗೋಲ್ಕೊಂಡದವರೆಗೆ ಹೋದದ್ದು. ಕೊನೆಯ ಗೆರೆ ದಾಟಿದಾಗ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ಅಂತೂ ಮುಗಿಸಿದಿ ನೋಡು!" ಎಂದರು. ಇಬ್ಬರೂ ಮೆಡಲ್ ಹಾಕಿಕೊಂಡೇ ಇಡ್ಲಿ ತಿಂದೆವು. ಮನೆಗೆ ಬರುವ ಬಸ್ಸಿನಲ್ಲಿ ಅವರು ನನ್ನ ಕೊರಳಿನ ಮೆಡಲನ್ನು ಬೆರಳಿನಿಂದ ಎತ್ತಿ ನೋಡಿ ಕೇಳಿದರು.

"ಇದು ಯಾರ್ದು?"

ಆಗಸ್ಟ್ ಹತ್ತಿರ ಬಂದಂತೆ ದಿನಗಳು ಕೆಟ್ಟವು. ಎಡ ಬೂಟು ಬಲಕ್ಕೆ ಹಾಕುತ್ತಿದ್ದರು. ಲೇಸ್ ಕಟ್ಟಲು ಕೂತು ಅರ್ಧಕ್ಕೆ ಕೈ ನಿಲ್ಲುತ್ತಿತ್ತು. ನಾನು ಕೆಳಗೆ ಕೂತು ಕಟ್ಟಿಕೊಡುತ್ತಿದ್ದೆ. ಮಾರೇಡ್‌ಪಲ್ಲಿಯಲ್ಲಿರುವ ನಮ್ಮ ಭಾವ, ಎಂದರೆ ಅವರ ಅಣ್ಣ, ಬಂದು ನೋಡಿ ಕೂಗಾಡಿದರು. "ಇಂಥಾ ಮನಷ್ಯಾನ್ನ ಓಡಸ್ತಿಯೇನು? ಜನಾ ಏನಂದಾರು?" ವಾರಂಗಲ್ಲಿನ ಹಾಸ್ಟೆಲಿನಿಂದ ಮಗಳು ಫೋನಿನಲ್ಲಿ ಅತ್ತಳು. "ಮಮ್ಮಿ, ಒಂದು ಸಲಾ ಹೋಗಲಿ ಬಿಡು. ಪಪ್ಪಾಗ ಅದೊಂದ ಗೊತ್ತೈತಿ ಈಗ." ಅದು ನಿಜವಾಗಿತ್ತು. ಹೆಸರು ಮೊದಲೇ ಕೊಟ್ಟಾಗಿತ್ತು. ಹೋದೆವು.

ಹುಸೇನ್ ಸಾಗರದ ದಂಡೆಯಲ್ಲಿ ಬೆಳಗಿನ ಜಾವ ಸಾವಿರಾರು ಜನ. ಡೋಲು, ಮೈಕು, ದೀಪ. ನಮ್ಮವರು ಗದ್ದಲಕ್ಕೆ ಹೆದರಿ ನನ್ನ ತೋಳು ಹಿಡಿದಿದ್ದರು. ಓಟ ಶುರುವಾಗಿ ಹೆಜ್ಜೆ ಹಿಡಿದ ಮೇಲೆ ಸಮಾಧಾನವಾದರು. ಫೋನ್ ಬಳಸುವುದು ಅವರಿಗೆ ಮರೆತುಹೋಗಿತ್ತು, ಅದಕ್ಕೆ ಎದೆಯ ಮೇಲೆ ಪಿನ್ನು ಹಾಕಿದ ನಂಬರಿನ ಹಿಂಬದಿಗೆ ನನ್ನ ಫೋನ್ ನಂಬರನ್ನು ದಪ್ಪಕ್ಷರದಲ್ಲಿ ಬರೆದಿದ್ದೆ. ಮೊದಲು ಮೋಡವಿತ್ತು, ಆಮೇಲೆ ಮಳೆ ಬಾರದೆ ಸೆಕೆ ಏರಿತು. ಈ ಊರಿನ ಫ್ಲೈಓವರುಗಳು ಬಸ್ಸಿನಲ್ಲಿ ಹೋಗುವಾಗ ಏರು ಎಂದೇ ಅನಿಸುವುದಿಲ್ಲ. ಓಡುವವರಿಗೆ ಒಂದೊಂದೂ ಬೆಟ್ಟ. ಒಂದು, ಎರಡು ದಾಟಿದೆವು. ಮೂರನೆಯದರ ನಡುವಿನಲ್ಲಿ ನನ್ನ ಬಲಗಾಲಿನ ಮೀನಖಂಡ ಗಂಟು ಕಟ್ಟಿತು. ಗೋಡೆ ಹಿಡಿದು ನಿಂತುಬಿಟ್ಟೆ.

"ಏನಾತು?" ಎಂದು ಅವರೂ ನಿಂತರು.

"ಕಾಲ ಹಿಡಕೊಂಡೈತ್ರಿ. ಒಂದ್ ನಿಮಿಷ ನಿಂದರ್ರಿ. ಇಲ್ಲೇ ನಿಂದರ್ರಿ."

ಅವರು ಬಗ್ಗಿ ನನ್ನ ಕಾಲು ಒತ್ತಲು ಶುರುಮಾಡಿದರು. ಅಷ್ಟರಲ್ಲಿ ಹಿಂದಿನಿಂದ ಒಂದು ದೊಡ್ಡ ಗುಂಪು ಬಂತು. ಬಾವುಟ ಹಿಡಿದು ಒಂದೇ ವೇಗದಲ್ಲಿ ಓಡಿಸುವ ಪೇಸರ್ ಒಬ್ಬ ಮುಂದೆ, ಅವನ ಹಿಂದೆ ಎಲ್ಲರೂ ಒಂದೇ ತಾಳದಲ್ಲಿ, ಏನೋ ಕೂಗು ಹಾಕುತ್ತಾ. ಬೂಟುಗಳ ಆ ಸದ್ದು ಕೇಳಿ ನಮ್ಮವರು ತಲೆ ಎತ್ತಿದರು. ನನ್ನ ಕಾಲಿನಿಂದ ಕೈ ತೆಗೆದರು. ಗುಂಪಿನ ಜೊತೆ ಎರಡು ಹೆಜ್ಜೆ ಇಟ್ಟರು, ಮತ್ತೆರಡು, ಆಮೇಲೆ ಓಡತೊಡಗಿದರು. ಎಷ್ಟು ಚೆಂದ ಓಡುತ್ತಿದ್ದರು! ಇಷ್ಟು ದಿನ ನನಗಾಗಿ ಎಷ್ಟು ನಿಧಾನ ಮಾಡಿಕೊಂಡಿದ್ದರು ಎಂದು ನನಗೆ ತಿಳಿದದ್ದು ಆಗ.

ನಮ್ಮಲ್ಲಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ನಾನು ಫ್ಲೈಓವರಿನ ಮೇಲೆ ನಿಂತು, "ಗುರುರಾಜ್! ಗುರುರಾಜ್!" ಎಂದು ಗಂಟಲು ಹರಿಯುವಂತೆ ಕೂಗಿದೆ. ಯಾರ್‍ಯಾರೋ ತಿರುಗಿ ನೋಡಿದರು. ಅವರು ತಿರುಗಲಿಲ್ಲ. ಓಡಲು ಹೋದೆ, ಬಿದ್ದೆ. ಬೆನ್ನುಗಳ ನಡುವೆ ಅವರ ನೀಲಿ ಅಂಗಿ ಇಳಿಜಾರಿನಲ್ಲಿ ಕಾಣುತ್ತಾ ಕಾಣುತ್ತಾ ಬೇರೆ ನೀಲಿ ಅಂಗಿಗಳಲ್ಲಿ ಸೇರಿಹೋಯಿತು.

ನೀರು ಕೊಡುವ ಮಕ್ಕಳಿಗೆ ಹೇಳಿದೆ, ಪೊಲೀಸರಿಗೆ ಹೇಳಿದೆ, ಮುಂದೆ ಎಲ್ಲೋ ಓಡುತ್ತಿದ್ದ ಆಪಾಗೆ ಫೋನ್ ಮಾಡಿದೆ. ಅವರು ಎತ್ತಲಿಲ್ಲ. ಕಾಲಿಗೆ ಯಾರೋ ಸ್ಪ್ರೇ ಹೊಡೆದರು. ಉಳಿದ ದಾರಿಯನ್ನು ಕುಂಟುತ್ತಾ ಮುಗಿಸಿದೆ. ಆಂಬುಲೆನ್ಸಿನವರು ಹತ್ತಿ ಎಂದರೂ ಹತ್ತಲಿಲ್ಲ, ದಾರಿಯ ಪಕ್ಕದಲ್ಲಿ ಅವರು ಎಲ್ಲಾದರೂ ಕೂತಿದ್ದರೆ ತಪ್ಪಿಹೋದೀತು ಎಂದು. ಪ್ರತಿ ಮರದ ಬುಡ, ಪ್ರತಿ ಬಸ್ ನಿಲ್ದಾಣ ನೋಡುತ್ತಾ ಹೋದೆ. ಪಶ್ಚಿಮದ ತುದಿಯ ಕ್ರೀಡಾಂಗಣದಲ್ಲಿ ಓಟ ಮುಗಿಯುತ್ತಿತ್ತು. ಅಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದವನು ಅವರ ನಂಬರು ಹಾಕಿ ನೋಡಿ ನಗುತ್ತಾ ಹೇಳಿದ. "ಫಿನಿಶ್ ಚೇಸೇಶಾರು ಮೇಡಂ. ಮಂಚಿ ಟೈಮಿಂಗ್." ಮುಗಿಸಿದ್ದಾರೆ, ಒಳ್ಳೆಯ ವೇಗ.

ಮುಗಿಸಿದ್ದರು, ಆದರೆ ಅಲ್ಲಿರಲಿಲ್ಲ. ಅಷ್ಟು ಹೊತ್ತಿಗೆ ಬಂದ ಆಪಾ, ಗುಂಪಿನ ಇತರರು ಕ್ರೀಡಾಂಗಣದ ಮೂಲೆಮೂಲೆ ಹುಡುಕಿದರು. ಮೈಕಿನಲ್ಲಿ ಅವರ ಹೆಸರನ್ನು ಮತ್ತೆ ಮತ್ತೆ ಕೂಗಿದರು. ತಮ್ಮ ಹೆಸರು ಕೂಗಿದರೆ ಅವರಿಗೆ ತಿಳಿಯುತ್ತದೆಯೇ ಎಂಬುದೂ ನನಗೆ ಗೊತ್ತಿರಲಿಲ್ಲ. ಜನ ಕರಗಿದರು, ಶಾಮಿಯಾನ ಬಿಚ್ಚಿದರು. ಬಿಸಿಲಿನಲ್ಲಿ ಹುಲ್ಲಿನ ಮೇಲೆ ಕೂತಿದ್ದೆ. ಮಾಡಲು ಇನ್ನೇನೂ ಉಳಿದಿರಲಿಲ್ಲ. ಆಗ ಫೋನ್ ಬಂತು, ಒಬ್ಬ ಹೆಂಗಸಿನ ದನಿ.

"ಗುರುರಾಜ್ ಬೋಲ್‌ಕೇ ಆಪ್ಕೇಚ್ ಆದ್ಮೀ ಹೈ ಕ್ಯಾ? ಹಮಾರೇ ದರ್ವಾಜೇ ಪೇ ಬೈಠೇ ಹೈ. ಅವ್ವಾ ಅವ್ವಾ ಬೋಲ್‌ಕೇ ಪುಕಾರ್‌ರೈ."

ಗುರುರಾಜ್ ಎಂಬವರು ನಮ್ಮ ಬಾಗಿಲಲ್ಲಿ ಕೂತು ಅವ್ವಾ ಅವ್ವಾ ಎಂದು ಕರೆಯುತ್ತಿದ್ದಾರೆ, ನಿಮ್ಮವರೇನಾ ಎಂದು, ಮೆಹದಿಪಟ್ಟಣಂನಿಂದ. ಕ್ರೀಡಾಂಗಣದ ಹೊರಗೆ ಸಿಟಿ ಬಸ್ಸುಗಳು ನಿಂತಿದ್ದವು. ಮೆಹದಿಪಟ್ಟಣಂ, ಮೆಹದಿಪಟ್ಟಣಂ ಎಂದು ಕಂಡಕ್ಟರು ಕೂಗಿದ್ದನ್ನು ಅವರು ಕೇಳಿರಬೇಕು. ಅದು ಕಿವಿಗೆ ಗೊತ್ತಿದ್ದ ಹೆಸರು. ಹತ್ತಿಬಿಟ್ಟಿದ್ದರು. ಕೊರಳಲ್ಲಿ ಮೆಡಲ್ ನೋಡಿ ಯಾರೂ ಏನೂ ಕೇಳಿರಲಿಕ್ಕಿಲ್ಲ.

ನಾನೂ ಆಪಾನೂ ಹೋದಾಗ ಅವರ ಹಳೆಯ ಮನೆಯಿದ್ದ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡವಿತ್ತು. ಎದುರಿನ ಮಸೀದಿಯ ಗೋಡೆಯೊಂದೇ ಹಳೆಯದು. ಮೆಟ್ಟಿಲ ಮೇಲೆ ಅವರು ಕೂತಿದ್ದರು. ಬೂಟು ಬಿಚ್ಚಿ ಪಕ್ಕಕ್ಕಿಟ್ಟಿತ್ತು. ಫೋನ್ ಮಾಡಿದ ಹೆಂಗಸು ಅವರ ಕಾಲಿನ ಗುಳ್ಳೆಗಳಿಗೆ ಅರಿಶಿನ ಹಚ್ಚಿ, ಮುಂದೆ ಖಿಚಡಿ, ಹುಣಸೆಹುಳಿಯ ಖಟ್ಟಾ ಇಟ್ಟಿದ್ದಳು. ಅವರು ಮುಟ್ಟಿರಲಿಲ್ಲ.

"ಅವ್ವ ಗುಡಿಗೆ ಹೋಗ್ಯಾಳ," ಎಂದರು ನನ್ನನ್ನು ನೋಡಿ. "ಕೀಲಿ ಹಾಕ್ಕೊಂಡು ಹೋಗ್ಯಾಳ. ಬರ್ತಾಳ ಈಗ."

ಅತ್ತೆ ತೀರಿಹೋಗಿ ಬಹಳ ವರ್ಷವಾಗಿತ್ತು. ನಾನು ಅವರ ಪಕ್ಕದಲ್ಲಿ ಕೂತೆ. "ಆಯ್ತು, ಬರೂತನಕ ಕೂಡೂಣು," ಎಂದೆ. ಖಿಚಡಿ ಕಲಸಿ ಕೊಟ್ಟರೆ ತಿಂದರು. ಕೂತೆವು. ಬೀದಿಯಲ್ಲಿ ಯಾರಾದರೂ ಸೀರೆಯುಟ್ಟವರು ಬಂದರೆ ಕತ್ತು ಚಾಚಿ ನೋಡುತ್ತಿದ್ದರು. ಎಬ್ಬಿಸಿದರೆ ಏಳುತ್ತಿರಲಿಲ್ಲ. ಮಧ್ಯಾಹ್ನ ಇಳಿಯಿತು. ಕೊನೆಗೆ ಆ ಹೆಂಗಸು ಒಳಗಿನಿಂದ ಬಂದು, ಯಾರೋ ಸುದ್ದಿ ತಂದವರಂತೆ, ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು ಹೇಳಿದಳು. "ಅಮ್ಮಾ ಕೂ ದೇರ್ ಹೋತಾ ಕತೇ. ತುಮ್ ಘರ್ ಕೂ ಜಾವ್ ಬೋಲೇ." ಅಮ್ಮನಿಗೆ ತಡವಾಗುತ್ತದಂತೆ, ನೀನು ಮನೆಗೆ ಹೋಗು ಅಂದಿದ್ದಾರೆ. ಅವರು ಸ್ವಲ್ಪ ಯೋಚಿಸಿ, "ಅಚ್ಛಾ," ಎಂದು ಎದ್ದರು.

ಸಂಜೆ ಭಾವ ಬಂದಾಗ ನಮ್ಮವರು ಮಲಗಿದ್ದರು. ಭಾವ ಕೂಗಾಡಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು, "ಸಾಕ್ ಮಾಡು ಸುಮಿತ್ರಾ. ಇನ್ನ ಅವನ್ನ ಓಡಸಬ್ಯಾಡ," ಎಂದರು.

"ನಾ ಓಡಸಾಕತ್ತಿಲ್ರಿ ಭಾವ," ಎಂದೆ. "ನಾ ಹಿಂದ ಓಡಾಕತ್ತೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ನಾನು ಪಟ್ಟಿ ಕಟ್ಟಿಕೊಂಡೇ ಓಡುವುದೆಂದು ನಿಶ್ಚಯಿಸಿದೆ. ಅವರ ಪಾದ ವಾಸಿಯಾಗಲಿ ಎಂದು ಕಾದೆ. ಗಣೇಶನ ಹಬ್ಬ ಹೋಯಿತು, ಇಲ್ಲಿಯವರ ಹೂವಿನ ಹಬ್ಬ ಬತುಕಮ್ಮ ಬಂತು, ಮಳೆ ಹಿಂದೆ ಸರಿಯಿತು. ಪಾದ ವಾಸಿಯಾಯಿತು. ಅವರು ಮಾತ್ರ ಏಳಲಿಲ್ಲ. ಐದು ಗಂಟೆಗೆ ನನಗೆ ಎಚ್ಚರವಾಗುತ್ತಿತ್ತು, ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಬೇಸಿಗೆಯಲ್ಲಿ ಅವರು ಹೊರಗೆ ಹೋಗದಿರಲಿ ಎಂದು ಬೇಡಿಕೊಂಡವಳು ಈಗ ಒಮ್ಮೆ ಎದ್ದು ಕೀಲಿ ಕೇಳಲಿ ಎಂದು ಬೇಡಿಕೊಂಡೆ. ಒಂದು ದಿನ ನಾನೇ ಎಬ್ಬಿಸಿ, ಬೂಟು ಹಾಕಿ, ಕೈ ಹಿಡಿದು ಕೆರೆಯ ಹತ್ತಿರ ಕರೆದುಕೊಂಡು ಹೋದೆ. ಕೈ ಬಿಟ್ಟು ನಾಲ್ಕು ಹೆಜ್ಜೆ ಓಡಿ ತೋರಿಸಿದೆ. ಅವರು ನಿಂತಲ್ಲೇ ನಿಂತಿದ್ದರು. ನಮ್ಮ ಗುಂಪಿನವರು ಕೈ ಬೀಸುತ್ತಾ ಪಕ್ಕದಿಂದ ಓಡಿಹೋದರು. ನಮ್ಮವರು ಅವರನ್ನೇ ಕುತೂಹಲದಿಂದ ನೋಡಿ ಕೇಳಿದರು.

"ಯಾಕ ಓಡಾಕತ್ತಾರ ಇವರು? ಯಾರರ ಬೆನ್ನ ಹತ್ಯಾರೇನು?"

ಕೈ ಹಿಡಿದು ನಿಧಾನವಾಗಿ ಮನೆಗೆ ಕರೆತಂದೆ. ಲೇಸ್ ಬಿಚ್ಚುವಾಗ, ಅವರು ನನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತರು, ಬೀಳದಿರಲು.

ನಾನು ಓಡುವುದನ್ನು ಬಿಡಲಿಲ್ಲ. ಬಿಡಲು ಆಗಲಿಲ್ಲ ಎನ್ನಬೇಕು. ಲಕ್ಷ್ಮಮ್ಮ ಬೆಳಿಗ್ಗೆಯೇ ಬಂದು ಕೂರುತ್ತಿದ್ದರು. ಕೆರೆಯ ಒಂದು ಸುತ್ತು ಹಾಕಿ ಬಂದರೆ ಆ ದಿನದ ಮಟ್ಟಿಗೆ ನಮ್ಮವರಿಗೆ ಸ್ನಾನ ಮಾಡಿಸಲು, ಒಂದೇ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರಿಸಲು ಶಕ್ತಿ ಇರುತ್ತಿತ್ತು. ಓಡದ ದಿನ ಲ್ಯಾಬಿನಲ್ಲಿ ಒಂದೇ ನರಕ್ಕೆ ಎರಡೆರಡು ಸಲ ಸೂಜಿ ಚುಚ್ಚುತ್ತಿದ್ದೆ. ಡಿಸೆಂಬರಿನಲ್ಲಿ ನೆಕ್ಲೆಸ್ ರೋಡಿನ ಮೇಲೆ ಇನ್ನೊಂದು ಹಾಫ್ ಮ್ಯಾರಥಾನ್ ಇತ್ತು. ಆಪಾ ನನ್ನ ಹೆಸರು ಕೊಟ್ಟುಬಿಟ್ಟಿದ್ದರು. ಅವತ್ತು ನಮ್ಮವರನ್ನು ನೋಡಿಕೊಳ್ಳಲು ಯಾರು ಬರುತ್ತಾರೆ ಎಂದು ಕೇಳಿದಾಗ, "ನಾ ಬರ್ತೀನಿ ತಗೋ," ಎಂದವರು ಭಾವ.

ಚಳಿಯಿತ್ತು. ಹುಸೇನ್ ಸಾಗರದ ಮೇಲೆ ಮಂಜು. ಅವತ್ತು ನಾನು ಯಾರ ಹಿಂದೆಯೂ ಓಡಲಿಲ್ಲ, ಯಾರಿಗಾಗಿಯೂ ನಿಲ್ಲಲಿಲ್ಲ. ಪಕ್ಕದಲ್ಲಿ ಯಾರೂ ಇಲ್ಲ ಎಂಬುದು ಮೊದಲ ಕೆಲವು ಕಿಲೋಮೀಟರ್ ಕಷ್ಟವಾಯಿತು. ಎಡಕ್ಕೆ ತಿರುಗಿ ತಿರುಗಿ ನೋಡುತ್ತಿದ್ದೆ. ಆಮೇಲೆ ಉಸಿರು, ಕಾಲು, ರಸ್ತೆ ಇಷ್ಟೇ ಉಳಿದವು. ಕೊನೆಯ ತಿರುವಿನಲ್ಲಿ ಜನರ ಸಾಲು ಕಂಡಿತು. ಅದರ ತುದಿಯಲ್ಲಿ ಮಂಕಿ ಕ್ಯಾಪ್ ಹಾಕಿದ ಭಾವ, ಅವರ ಪಕ್ಕದಲ್ಲಿ ಶಾಲು ಹೊದ್ದ ನಮ್ಮವರು.

ಅವರು ಚಪ್ಪಾಳೆ ತಟ್ಟುತ್ತಿದ್ದರು. ಗೆರೆ ದಾಟುವ ಒಬ್ಬೊಬ್ಬರಿಗೂ ಮೈ ಮುಂದಕ್ಕೆ ಬಾಗಿಸಿ, ಮಗುವಿನಂತೆ ಎರಡೂ ಕೈ ಎತ್ತಿ ತಟ್ಟುತ್ತಿದ್ದರು. ನನ್ನ ಮುಂದಿದ್ದ ಹುಡುಗಿಗೆ ತಟ್ಟಿದರು. ನನಗೂ ಅಷ್ಟೇ ತಟ್ಟಿದರು. ನಾನು ಗೆರೆ ದಾಟಿದವಳೇ ನೇರ ಅವರ ಮುಂದೆ ಹೋಗಿ, ಮಂಡಿಯ ಮೇಲೆ ಕೈಯೂರಿ ಏದುಸಿರು ಬಿಡುತ್ತಾ ನಿಂತೆ. ತಲೆ ಎತ್ತಿ ಅವರ ಮುಖ ನೋಡಿದೆ. ಅವರೂ ನನ್ನನ್ನು ನೋಡಿದರು, ಪ್ರೀತಿಯಿಂದಲೇ.

"ಭಾಳ ಚಲೋ ಓಡಿದ್ರಿ, ಅಕ್ಕಾರ," ಎಂದರು.

ಮದುವೆಯಾದಂದಿನಿಂದ ಅವರು ನನಗೆ ನೀ ಎಂದವರು. ಭಾವ ಆಚೆ ತಿರುಗಿ ನಿಂತರು. ಅಷ್ಟರಲ್ಲಿ ನಮ್ಮವರ ಕಣ್ಣು ನನ್ನ ಹೆಗಲಿನಾಚೆ ಹೋಗಿತ್ತು. ಮಂಜಿನೊಳಗಿನಿಂದ ಇನ್ನೊಬ್ಬರು ಬರುತ್ತಿದ್ದರು. ನಮ್ಮವರು ಕೈಯನ್ನು ಮೆಲ್ಲಗೆ ಆಡಿಸಿ ನನಗೆ ಹೇಳಿದರು.

"ಇಲ್ಲೇ ನಿಂದರಬ್ಯಾಡ್ರಿ. ಸ್ವಲ್ಪ ಆ ಕಡೆ ಸರೀರಿ. ಹಿಂದ ಮಂದಿ ಬರಾಕತ್ತಾರ."

ನಾನು ಸರಿದು ನಿಂತೆ.